ಪಿಸ್ತಾ ಬಣ್ಣದ ಕೊನೆಯ ಲಾಟ್

ಮನೆಗೆ ಬಣ್ಣ ಹಚ್ಚಿಸಿದ ಮೇಲೆ ಉಳಿದ ಕಾಲು ಡಬ್ಬಿಯನ್ನು ಬೇರೆಯವರು ಅಟ್ಟದ ಮೇಲೆ ಎಸೆದು ಮರೆಯುತ್ತಾರೆ. ನಮ್ಮ ಯಜಮಾನರು ಅದನ್ನು ಟ್ರೆಜರಿ ಕಪಾಟಿನೊಳಗೆ, ನನ್ನ ರೇಷ್ಮೆ ಸೀರೆಗಳ ಪಕ್ಕದಲ್ಲಿ ಇಟ್ಟು ಕೀಲಿ ಹಾಕಿದರು. ಮದುವೆಯಾದಾಗಿನಿಂದ ನನ್ನನ್ನೂ ಅಷ್ಟು ಜೋಪಾನ ಮಾಡಿದವರಲ್ಲ.

"ಪೇಂಟರ್ ಕೈಯಳತಿ ಮ್ಯಾಲೆ ಕಲಿಸ್ಯಾನ. ಈ ಲಾಟ್ ಮತ್ತ ಸಿಗೂದಿಲ್ಲ," ಎಂದರು.

ಇಚಲಕರಂಜಿಯ ಶಹಾಪುರದಲ್ಲಿ ಮೂವತ್ತು ವರ್ಷದಿಂದ ಪವರ್‌ಲೂಮ್ ನಡೆಸುತ್ತಿರುವ ಮನುಷ್ಯ. ಒಂದು ಸಲ ಬಣ್ಣದಲ್ಲಿ ಅದ್ದಿದ ನೂಲು ಒಂದು ಲಾಟ್. ಎರಡು ಲಾಟ್ ಬೆರೆತರೆ, ಬಣ್ಣ ಒಂದೇ ಆದರೂ ಬಟ್ಟೆಯಲ್ಲಿ ಪಟ್ಟೆ ಏಳುತ್ತದೆ. ಆ ಭಯ ಅವರ ಎಲುಬಿಗಿಳಿದಿದೆ. ಮಗ್ಗದ ಸದ್ದಿಗೆ ಕಿವಿಯೂ ಮಂದ, ಹಾಗಾಗಿ ಅವರು ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುತ್ತದೆ.

ಅಂದಿನಿಂದ ಗೋಡೆಗೆ ತಲೆ ಆನಿಸುವಂತಿಲ್ಲ, ಎಣ್ಣೆ ಹತ್ತುತ್ತದೆ. ಮೊಳೆ ಬಡಿಯುವಂತಿಲ್ಲ. ಗೋಡೆ ಹೊಲಸಾದರೆ ಹಚ್ಚಲೆಂದೇ ಅಲ್ಲವೇ ಬಣ್ಣ ಇಟ್ಟಿದ್ದು ಎಂದು ಕೇಳಿದರೆ, "ಹಚ್ಚಿದ್ರ ಮುಗಿದು ಹೋಗತೈತಿ!" ಎನ್ನುತ್ತಿದ್ದರು. ಗೋಡೆಗಾಗಿ ಡಬ್ಬಿ, ಡಬ್ಬಿಗಾಗಿ ಗೋಡೆ. ನಡುವೆ ನಾವು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರಬೇಕು.

ಒಂದು ಅಮಾವಾಸ್ಯೆ, ಮಗ್ಗಕ್ಕೆ ರಜೆ. ಡಬ್ಬಿ ತೆರೆದು ನೋಡಿದರೆ ಬಣ್ಣ ಗಟ್ಟಿಯಾಗುತ್ತಿತ್ತು. ನೂಲಿಗೆ ಹಾಕುವ ಗಂಜಿಯನ್ನು ತಂಬಿಗೆಯಲ್ಲಿ ತಂದು ಸುರಿದೇಬಿಟ್ಟರು.

"ಅಯ್ಯ, ಅದೇನು ನೂಲೇನ್ರಿ?"

"ಗಂಜಿ ಕುಡದ ನೂಲು ಎಷ್ಟು ಗಟ್ಟಿ ಇರತೈತಿ! ಬಣ್ಣಕ್ಕೇನ ಧಾಡಿ?" ಮುಚ್ಚಳ ಬಡಿದು, ಮೇಲೆ ಬಟ್ಟೆ ಸುತ್ತಿ, ದಾರ ಬಿಗಿದು ಮತ್ತೆ ಟ್ರೆಜರಿಗೆ ಸೇರಿಸಿದರು.

ಬೇಸಿಗೆಯಲ್ಲಿ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಹೆಣ್ಣು ಕೂಸು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಬಿಸಿನೀರು ಹಾಕಿ, ಬಾಣಂತಿಗೂ ಕೂಸಿಗೂ ಲೋಬಾನದ ಹೊಗೆ ಕೊಡಲು ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿದೆ. ಈ ಮನುಷ್ಯ ಎಲ್ಲಿದ್ದರೋ, ಓಡಿ ಬಂದರು.

"ಹೊಗಿ ಓಣ್ಯಾಗ ಹಾಕ್ರಿ! ಗ್ವಾಡಿ ಕರ್ರಗ ಆಕ್ಕೈತಿ!"

ಎಲ್ಲಾದರೂ ಉಂಟೇ? ಹಸಿ ಬಾಣಂತಿ ಕೂಸು ಎತ್ತಿಕೊಂಡು ಓಣಿಯಲ್ಲಿ ಕೂರಬೇಕೇ! ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಮಗಳು ಸೀದಾ ಗಂಡನಿಗೆ ಫೋನ್ ಮಾಡಿದಳು. ಅಳಿಯ ತನ್ನೂರು ಗಡಹಿಂಗ್ಲಜದಿಂದ ಗಾಡಿ ತಂದ. ಹೊರಡುವಾಗ ಅಪ್ಪನ ಕಡೆ ತಿರುಗಿ, "ನಿಮ್ಮ ಗ್ವಾಡಿ ಚೊಲೋ ಇರಲೆಪ್ಪಾ," ಎಂದಳು.

ತವರಿನ ಬಾಣಂತನ ಶುರುವಾದ ದಿನವೇ ಮುರಿಯಿತು. ಆ ಕೂಸಿಗೆ ಎಣ್ಣೆ ತಿಕ್ಕಬೇಕೆಂದು ನಾನು ಒಂಬತ್ತು ತಿಂಗಳು ದಾರಿ ಕಾದಿದ್ದೆ. ಈಗ ತೊಟ್ಟಿಲು ಖಾಲಿ. ಯಜಮಾನರ ಜೊತೆ ಮಾತು ಬಿಟ್ಟೆ, ಚಹಾ ಕೊಡುವುದನ್ನೂ ಬಿಟ್ಟೆ. ನಾಲ್ಕನೇ ದಿನ ಅವರೇ ಟ್ರೆಜರಿ ತೆಗೆದು, ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ನಿಂತರು.

"ನಡಿ, ಕರಕೊಂಡು ಬರೂಣು."

ಕಾಗಲದಲ್ಲಿ ಬಸ್ ಬದಲಿಸಿದೆವು. ಬೇಸಿಗೆಯ ಬಿಸಿಲು, ಡಬ್ಬಿ ಅವರ ತೊಡೆಯ ಮೇಲೆ. "ಕಾಕಾ, ಡಬ್ಯಾತ್ ಕಾಯ್ ಆಹೆ?" ಎಂದು ಕಂಡಕ್ಟರ್ ಮರಾಠಿಯಲ್ಲಿ ಕೇಳಿದ, ಡಬ್ಬಿಯಲ್ಲಿ ಏನಿದೆ ಎಂದು.

"ಭಿಂತ್!" ಎಂದು ಇವರು ಕೂಗಿದರು. ಡಬ್ಬಿಯೊಳಗೆ ಗೋಡೆ ಇದೆಯಂತೆ! ಬಸ್ಸಿನವರೆಲ್ಲ ಹೊರಳಿ ನೋಡಿದರು. ಕಂಡಕ್ಟರ್ ಕೈಮುಗಿದು ಮುಂದೆ ಹೋದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಬೀಗರ ಅಂಗಳದಲ್ಲಿ ಡಬ್ಬಿ ಇಟ್ಟು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಮಗಳ ಮುಂದೆ ಮಗ್ಗದ ದನಿಯಲ್ಲೇ ಶುರು ಮಾಡಿದರು. "ತಪ್ಪಾತವ್ವಾ! ಮನಿ ತುಂಬ ಹೊಗಿ ಹಾಕು. ಗ್ವಾಡಿ ಕರ್ರಗಾದ್ರ ಆಗಲಿ, ಬಣ್ಣ ಐತಿ! ನೋಡಿಲ್ಲೆ!"

ದಾರ ಬಿಚ್ಚುತ್ತಿದ್ದಂತೆ ಮುಚ್ಚಳ ಪಟಾರನೆ ಹಾರಿತು. ಗಂಜಿ ಹುಳಿತು ಉಬ್ಬಿತ್ತು. ಆ ನಾತ! ಬೀಗರು ಮೂಗು ಮುಚ್ಚಿಕೊಂಡು ಒಳಗೆ ಓಡಿದರು, ದಾವಣಿಯ ಎಮ್ಮೆ ಹಗ್ಗ ಜಗ್ಗತೊಡಗಿತು. ಪಿಸ್ತಾ ಬಣ್ಣದ ಮೇಲೆ ಬೂದು ಬೂಸ್ಟು ಬೆಳೆದಿತ್ತು.

ಯಜಮಾನರು ಬಗ್ಗಿ ನೋಡಿದರು. "ಹೋತವ್ವಾ," ಎಂದರು, ಮೊದಲ ಸಲ ಸಣ್ಣ ದನಿಯಲ್ಲಿ. ಆಮೇಲೆ, "ಹೋಗ್ಲಿ. ಬಣ್ಣ ಇರಲಿಕ್ಕಂದ್ರೂ ನೀ ಬಾ."

ಮಗಳು ಮೂಗಿಗೆ ಸೆರಗು ಒತ್ತಿಕೊಂಡೇ ನಗತೊಡಗಿದಳು. ನಗುತ್ತ ನಗುತ್ತ ಅತ್ತಳು. ಸಂಜೆ ಅಳಿಯನ ಗಾಡಿಯಲ್ಲಿ ಎಲ್ಲರೂ ಶಹಾಪುರಕ್ಕೆ ಬಂದೆವು. ಡಬ್ಬಿಯನ್ನು ಬೀಗರು ತಿಪ್ಪೆಯಲ್ಲಿ ಹೂಳಿಸಿದರಂತೆ.

ಮೂರು ತಿಂಗಳು ಮನಸಾರೆ ಹೊಗೆ ಹಾಕಿದೆ. ಮೂಲೆ ಕಪ್ಪಾಯಿತು. ಬಾಣಂತಿ ತಲೆ ಆನಿಸಿದಲ್ಲಿ ತಟ್ಟೆಯಷ್ಟಗಲ ಎಣ್ಣೆಯ ಕಲೆ ಮೂಡಿತು. ಮಗಳು ಕೂಸಿನೊಂದಿಗೆ ಗಂಡನ ಮನೆಗೆ ಹೋದ ಮೇಲೆ, ದೀಪಾವಳಿಗೆ ನಾನೇ ಹಟ ಹಿಡಿದು ಪೇಂಟರನನ್ನು ಕರೆಸಿದೆ. ಮೂರು ಗೋಡೆ ಮುಗಿಸಿ ಅವನು ಆ ಮೂಲೆಗೆ ಬಂದಾಗ, ಯಜಮಾನರು ಎಣ್ಣೆಯ ಕಲೆಗೆ ಅಡ್ಡ ನಿಂತುಬಿಟ್ಟರು.

"ಇದನ್ನ ಬಿಟ್ಟು ಹಚ್ಚಪಾ. ಈ ಲಾಟ್ ಮತ್ತ ಸಿಗೂದಿಲ್ಲ."

ಬೈಯಬೇಕೆಂದು ಬಾಯಿ ತೆರೆದವಳು ಒಳಗೆ ಹೋಗಿ ಚಹಾಕ್ಕಿಟ್ಟೆ. ಆ ಮೂಲೆ ಹಾಗೇ ಇದೆ. ಉಳಿದ ಹೊಸ ಬಣ್ಣವನ್ನು ಮಾತ್ರ, ಅವರು ಮಗ್ಗದ ಶೆಡ್‌ನಿಂದ ಬರುವುದರೊಳಗೆ, ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ.