ಶುಕ್ರವಾರದ ಸ್ವಿಚ್ಚು

ನಾವು ಅರಬ್ಬರು. ನನ್ನ ಗಂಡ ನಯೀಫ್ ಹುಟ್ಟಿದ್ದು ಇಸ್ರೇಲಿನ ಈ ಲೋದ್ ಊರಿನಲ್ಲೇ, ಅವರ ಅಪ್ಪ ಹುಟ್ಟಿದ್ದೂ ಇಲ್ಲೇ. ಆದರೂ ಬಸ್ ರಿಪೇರಿ ಶೆಡ್ಡಿನಲ್ಲಿ ಎಲ್ಲರೂ ಅವರನ್ನು ನೋಆಮ್ ಅನ್ನುತ್ತಾರೆ. ಯಹೂದಿ ಹೆಸರಾದರೆ ಗಿರಾಕಿಗಳು ಕೊಂಕು ನೋಟ ನೋಡುವುದಿಲ್ಲವಂತೆ. "ಕೂಗಿದಾಗ ತಿರುಗಿ ನೋಡಿದರಾಯ್ತು, ನನ್ನ ಗಂಟೇನು ಹೋಯ್ತು?" ಅನ್ನುತ್ತಾರೆ ಇವರು. ಬಸ್ಸಿನಲ್ಲಿದ್ದಾಗ ನಾನು ಫೋನ್ ಮಾಡಿದರೆ ಅರಬ್ಬಿಯಲ್ಲಿ ಒಂದು ಮಾತೂ ಹೊರಡುವುದಿಲ್ಲ. ಹೀಬ್ರೂವಿನಲ್ಲಿ "ಆಮೇಲೆ, ಆಮೇಲೆ" ಅಂದು ಇಟ್ಟುಬಿಡುತ್ತಾರೆ. ಇಂಥ ಸಾಧು ಪ್ರಾಣಿಯನ್ನು ಕಟ್ಟಿಕೊಂಡ ದಿನದಿಂದ ನನಗೆ ಮೈ ಉರಿಯುತ್ತಲೇ ಇದೆ.

ನಾಲ್ಕನೇ ಮಹಡಿಯಲ್ಲಿ ನಮ್ಮ ಎದುರು ಬಾಗಿಲು ಸೊಲಿಕಾಳದು. ಎಂಬತ್ತು ದಾಟಿದ ಯಹೂದಿ ಮುದುಕಿ, ಮೊರಾಕೊದಿಂದ ಬಂದವಳು. ಅವಳ ಅರಬ್ಬಿ ಕೇಳಿದರೆ ನಮಗೆ ನಗು, ನಮ್ಮದು ಕೇಳಿದರೆ ಅವಳಿಗೆ. ಶುಕ್ರವಾರ ಸಂಜೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಸಬ್ಬತ್, ಶುರುವಾದ ಮೇಲೆ ಅವಳು ಸ್ವಿಚ್ಚು ಮುಟ್ಟುವಂತಿಲ್ಲ, ನೀನು ಮುಟ್ಟು ಎಂದು ಇನ್ನೊಬ್ಬರಿಗೆ ಹೇಳುವಂತೆಯೂ ಇಲ್ಲ. ಸೂರ್ಯ ಮುಳುಗುವ ಮುಂಚೆಯೇ ದೀಪ ಹಾಕಿಟ್ಟಿರಬೇಕು. ಮರೆಗುಳಿ ಮುದುಕಿ, ಎಷ್ಟೋ ವಾರ ಮರೆಯುತ್ತಿದ್ದಳು. ಆಗ ಬಾಗಿಲು ತೆರೆದು ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದಳು.

"ನಯೀಫ್, ನಮ್ಮನೇಲಿ ತುಂಬಾ ಕತ್ತಲೆ ಕಣೋ."

ಇವರು ಚಪ್ಪಲಿ ಮೆಟ್ಟಿಕೊಂಡು ಹೋಗಿ, "ಅಯ್ಯೋ, ನನಗೇ ಏನೂ ಕಾಣ್ತಿಲ್ವಲ್ಲಮ್ಮಾ" ಅಂದು ತಮಗೋಸ್ಕರವೇ ಎಂಬಂತೆ ದೀಪ ಹಾಕಿ ಬರುತ್ತಿದ್ದರು. ರಜಕ್ಕೆ ಬಂದಾಗಲೆಲ್ಲ ಅವಳ ಮೊಮ್ಮಗ ಒಫಿರ್ ಈ ನಾಟಕ ನೋಡಿ ನಗುತ್ತಿದ್ದ. ಚಿಕ್ಕವನಾಗಿದ್ದಾಗ ನನ್ನ ಅಡುಗೆಮನೆಯಲ್ಲಿ ಕೂತು ಬದನೆಕಾಯಿ ಹುರಿದದ್ದನ್ನು ತಿಂದು ಬೆಳೆದವನೇ ಅವನು.

ಆ ಮೇ ತಿಂಗಳು ಅರಬ್ಬರಿಗೂ ಯಹೂದಿಗಳಿಗೂ ಹೊಡೆದಾಟವಾಗಿ ಊರಿಗೆ ಬೆಂಕಿ ಬಿತ್ತು. ಎರಡೂ ಕಡೆ ಹೆಣ ಬಿದ್ದವು. ಬೇರೆ ಊರುಗಳಿಂದ ಬಂದೂಕು ಹಿಡಿದ ಹುಡುಗರು ಯಹೂದಿಗಳನ್ನು ಕಾಯುತ್ತೇವೆ ಎಂದು ಬಂದಿಳಿದರು. ಯಾವ ಮನೆ ಯಾರದು ಎಂದು ಅವರು ಯಾರನ್ನೂ ಕೇಳಬೇಕಿರಲಿಲ್ಲ. ಯಹೂದಿಗಳ ಬಾಗಿಲ ಚೌಕಟ್ಟಿಗೆ ಪ್ರಾರ್ಥನೆ ಬರೆದ ಹಾಳೆ ಸುತ್ತಿಟ್ಟ ಪುಟ್ಟ ಕೊಳವೆ ಹೊಡೆದಿರುತ್ತದೆ. ನಮ್ಮ ಚೌಕಟ್ಟು ಬೋಳು.

ಶುಕ್ರವಾರ ಬೆಳಿಗ್ಗೆ ಒಫಿರ್ ಬಂದ. ಸೊಂಟದಲ್ಲಿ ಪಿಸ್ತೂಲಿತ್ತು. ಮೆಟ್ಟಿಲ ಮೇಲೆ ಸಿಕ್ಕಿದರೂ ನನ್ನ ಮುಖ ನೋಡಲಿಲ್ಲ.

ಸಂಜೆ ಬಾಗಿಲಿಗೆ ಸೋಫಾ ಒತ್ತಿ ಕೂತಿದ್ದೆವು. ಕೆಳಗೆ ಗಾಜು ಒಡೆದ ಸದ್ದು, ಕೂಗಾಟ. ಅಷ್ಟರಲ್ಲಿ ಸೊಲಿಕಾಳ ದನಿ ಕೇಳಿತು.

"ನಯೀಫ್, ನಮ್ಮನೇಲಿ ತುಂಬಾ ಕತ್ತಲೆ ಕಣೋ. ಹುಸ್ನಿಯಾನೂ ಕರಕೊಂಡು ಬಾ."

ನನ್ನ ಹೆಸರು ಕೇಳಿದ್ದೇ ಬಾಗಿಲ ಕಿಂಡಿಗೆ ಕಣ್ಣಿಟ್ಟೆ. ಅವಳ ಹಿಂದೆ ಮನೆಯೆಲ್ಲ ಝಗಝಗ ಬೆಳಕು.

"ರೀ, ಸುಳ್ಳು ಹೇಳ್ತಿದಾಳೆ! ದೀಪ ಉರೀತಿದೆ. ಮೊಮ್ಮಗ ಹೇಳಿಸ್ತಿರಬೇಕು. ಹೊರಗೆ ಕಾಲಿಟ್ರೆ ಮುಗೀತು."

"ಸಬ್ಬತ್ ದಿನ ಅವಳು ಸುಳ್ಳು ಹೇಳಲ್ಲ ಕಣೇ."

"ಅದಕ್ಕೇ ಹೇಳ್ತಿರೋದು, ಹೋಗ್ಬೇಡಿ!"

"ಇವತ್ತು ಹೇಳ್ತಿದಾಳೆ ಅಂದ್ರೆ..." ಅಂದವರೇ ಸೋಫಾ ಸರಿಸಿದರು. ಜೀವಮಾನದಲ್ಲಿ ಮೊದಲ ಸಲ ನನ್ನ ರಟ್ಟೆ ಹಿಡಿದು ಎಳೆದರು.

ಸೊಲಿಕಾ ನಮ್ಮನ್ನು ಒಳಗೆ ದಬ್ಬಿ ಚಿಲಕ ಹಾಕಿದಳು. "ಕೆಳಗೆ ನಾಲ್ಕನೇ ಮಹಡಿ ಅಂತ ಮಾತಾಡ್ತಿದ್ರು," ಅಂದಳು. ಅಷ್ಟರಲ್ಲಿ ಬೂಟಿನ ಸದ್ದು ಮೇಲೆ ಬಂತು. ನಮ್ಮ ಬಾಗಿಲಿಗೆ ಒದೆ ಬಿತ್ತು, ಇನ್ನೊಂದು ಬಿತ್ತು, ಬಾಗಿಲು ಮುರಿಯಿತು. ನನ್ನ ಪಾತ್ರೆಗಳು ಉರುಳುವುದನ್ನು ನಾನು ಒಂದೊಂದಾಗಿ ಗುರುತಿಸಿದೆ. ನಯೀಫ್ ಅಂಗೈಯಿಂದ ನನ್ನ ಬಾಯಿ ಮುಚ್ಚಿದ್ದರು.

ಆಮೇಲೆ ಈ ಬಾಗಿಲು ಬಡಿದರು.

"ಅಜ್ಜಿ, ನಾನು ಒಫಿರ್. ಎದುರು ಮನೇಲಿ ಯಾರೂ ಇಲ್ಲ. ನಿನ್ನ ಹತ್ರ ಯಾರಾದ್ರೂ ಇದಾರಾ?"

"ನಾನೊಬ್ಬಳೇ. ಮಲಗಿದೀನಿ ಕಣೋ."

"ದೀಪ ಉರೀತಿದೆಯಲ್ಲ, ನೋಡೋಣ ಬಾಗಿಲು ತೆಗೀರಿ," ಅಂದಿತು ಇನ್ನೊಂದು ಗಂಟಲು.

ಸೊಲಿಕಾ ಗಾಬರಿಬಿದ್ದಳು. ಬಾಗಿಲ ಅಡಿಯ ಸಂದಿನಿಂದ ಬೆಳಕು ಹೊರಗೆ ಕಾಣುತ್ತಿತ್ತು. ಆಯುಷ್ಯದಲ್ಲಿ ಸಬ್ಬತ್ ದಿನ ಸ್ವಿಚ್ಚು ಮುಟ್ಟದ ಆ ಬೆರಳು ಗೋಡೆ ತಡವಿ ದೀಪ ಆರಿಸಿಬಿಟ್ಟಿತು.

ಆರಿಸಿದ ಮೇಲೆ ನಮಗೆ ಹೊಳೆಯಿತು. ಅಜ್ಜಿ ಸಬ್ಬತ್ ದಿನ ಸ್ವಿಚ್ಚು ಮುಟ್ಟುವವಳಲ್ಲ ಎಂದು ಹೊರಗೆ ನಿಂತ ಒಫಿರನಿಗೆ ಗೊತ್ತು. ಆ ಮನೆಯ ಸ್ವಿಚ್ಚನ್ನು ಯಾರ ಬೆರಳು ಮುಟ್ಟುತ್ತಿತ್ತು ಎಂಬುದೂ ಗೊತ್ತು.

ಕೊನೆಗೆ ಒಫಿರ್ ಅಂದ, "ಇಲ್ಲಿ ಅಜ್ಜಿ ಒಬ್ಬಳೇ. ನಡೀರಿ."

ಬೂಟುಗಳು ಇಳಿದುಹೋದವು. ಸೊಲಿಕಾ ನೆಲಕ್ಕೆ ಕೂತು, ನಮ್ಮ ಮನೆ ಮುರಿದವರಲ್ಲಿ ಅವನೂ ಇದ್ದನಲ್ಲ ಎಂದು ಅತ್ತಳು. ನನಗೆ ಅಳು ಬರಲಿಲ್ಲ. ಅವನನ್ನು ಶಪಿಸಬೇಕೋ ಹರಸಬೇಕೋ ಇವತ್ತಿಗೂ ತಿಳಿಯದು. ಬಾಯಿಗೆ ಮೊದಲು ಬರುವುದು ಮಾತ್ರ ಶಾಪವೇ.

ಮುಂದಿನ ಶುಕ್ರವಾರ ಮತ್ತೆ ಅದೇ ದನಿ. "ನಯೀಫ್, ನಮ್ಮನೇಲಿ ತುಂಬಾ ಕತ್ತಲೆ ಕಣೋ." ಈ ಸಲ ನಿಜವಾಗಿಯೂ ಕತ್ತಲೆಯಿತ್ತು. ಇವರು ಚಪ್ಪಲಿ ಮೆಟ್ಟಿಕೊಂಡರು. ನಾನೂ ಬೆನ್ನಿಗೇ ಹೋದೆ.

ಊಟದ ಮೇಜಿನ ಹತ್ತಿರ ಒಫಿರ್ ತಲೆ ತಗ್ಗಿಸಿ ಕೂತಿದ್ದ. ನಯೀಫ್ ಸ್ವಿಚ್ಚಿನ ಮೇಲೆ ಬೆರಳಿಟ್ಟರು. ಒತ್ತಲಿಲ್ಲ. ಏನೂ ಕಾಣ್ತಿಲ್ವಲ್ಲಮ್ಮಾ ಎನ್ನುವ ಮಾತೂ ಬರಲಿಲ್ಲ. ಒಫಿರನ ಕಡೆ ತಿರುಗಿ ನಿಂತರು. ನನ್ನ ಸಾಧು ಗಂಡ ಅಷ್ಟು ಹೊತ್ತು ಯಾರನ್ನೂ ಕಾಯಿಸಿದ್ದನ್ನು ನಾನು ಕಂಡಿರಲಿಲ್ಲ.

"ಮಗಾ..." ಅಂದಳು ಸೊಲಿಕಾ. ಇವರು ಅವಳ ಕಡೆ ತಿರುಗಲಿಲ್ಲ.

ಒಫಿರ್ ತಲೆಯೆತ್ತಿದ. ಸಬ್ಬತ್ ದಿನ ಕೇಳಬಾರದ್ದನ್ನು ಬಾಯಿಬಿಟ್ಟು ಕೇಳಿದ.

"ನಯೀಫ್ ಮಾಮ, ದೀಪ ಹಾಕಿ. ದಯವಿಟ್ಟು."

ಇವರು ಹಾಕಿದರು. ನಾವು ನಮ್ಮ ಮನೆಗೆ ಬಂದೆವು. ಬಾಗಿಲು ಮಾಡುವವನು ಭಾನುವಾರ ಬರುತ್ತೇನೆ ಅಂದಿದ್ದ. ಎದುರು ಮನೆಯ ಬೆಳಕು ನಮ್ಮ ನಡುಮನೆಯವರೆಗೂ ಬೀಳುತ್ತಿತ್ತು.