ಉಪ್ಪಿಲ್ಲದ ಶೇಂಗಾ

ಬರ್ರಿ, ಕುಂದರ್ರಿ, ಕಾಲು ಚಾಚ್ರಿ. ನಾನೂ ದಣದೀನಿ, ಸಾವಕಾಶ ಹೇಳ್ತೀನಿ.

ನರಗುಂದಕ್ಕ ಇನ್ನೂ ಕಾಲುವಿ ನೀರು ಬರದ ಕಾಲ. ನನ್ನ ಸಣ್ಣ ಮಗಳಿಗೆ ಮೈಯೆಲ್ಲಾ ಬಾವು ಬಂದು, ಅಲ್ಲಿ ದವಾಖಾನಿಗೆ ಹಾಕಿದ್ವಿ. ಚಿಟಿಕಿ ಉಪ್ಪೂ ಬಾಯಿಗೆ ಬೀಳಬಾರದು ಅಂದ್ರು ಡಾಕ್ಟರು. ಸಪ್ಪನ ಅನ್ನ ಆಕಿ ಮುಟ್ಟಲಿಲ್ಲ, ಎರಡು ದಿನ ಉಪವಾಸ. ಕಡೀಕ, "ಯವ್ವಾ, ಶೇಂಗಾ ಕುಟ್ಟಿ ಕೊಡು" ಅಂದ್ಲು.

ದವಾಖಾನಿಯಾಗ ಕುಟ್ಟೋ ಕಲ್ಲಿನ ಒಳ್ಳು ಎಲ್ಲಿಂದ ತರಲಿ? ಬಿಸಲಾಗ ಸಂತಿಯೆಲ್ಲಾ ತಿರುಗಿದೆ. ಎಲ್ಲಾರ ಶೇಂಗಾ ಹಿಂಡಿ, ಅಂದ್ರ ಚಟ್ನಿಯೊಳಗೂ ಉಪ್ಪು, ಖಾರ, ಬಳ್ಳೊಳ್ಳಿ. ಕಾಲು ಸೋತು, ಹಿಂಡಿ ಮಾರೋ ಒಬ್ಬ ಮುದುಕಿ ಮುಂದ ಕುಂತೆ.

"ಆಯಿ, ಬರೇ ಶೇಂಗಾ ಕುಟ್ಟಿ ಕೊಡ್ರಿ."

"ಬರೇ ಶೇಂಗಾ ದನ ತಿಂತಾವು, ತಂಗಿ."

ಮಗಳ ಸುದ್ದಿ ಹೇಳಿದೆ. ಮುದುಕಿ ಒಳ್ಳು ತೊಳದು, ಹುರದ ಶೇಂಗಾ ಹಾಕಿ ಕುಟ್ಟಿದ್ಲು. ಎಣ್ಣಿ ಬಿಟ್ಟು ಮುದ್ದಿ ಆಗೋ ಹೊತ್ತಿಗೆ, ರೂಢಿ ಬಿದ್ದ ಕೈ ತಾನ ಹೋಗಿ ಉಪ್ಪು ಒಗೀತು. ಆ ಮುದ್ದಿ ತಗದಿಟ್ಟು, ಒಳ್ಳು ತೊಳದು, ಬ್ಯಾರೆ ಶೇಂಗಾ ಹಾಕಿ ಕುಟ್ಟಿದ್ಲು. ಮತ್ತ ಉಪ್ಪು ಒಗದ್ಲು.

"ಈ ಕೈ ನನ್ನ ಮಾತು ಕೇಳಂಗಿಲ್ಲ" ಅಂತ ಉಪ್ಪಿನ ಗಡಿಗಿ ನನ್ನ ತೊಡಿಮ್ಯಾಲೆ ಇಟ್ಟಳು. "ಹಿಡಕೊಂಡು ಕುಂದರು. ನಾ ಬೇಡಿದ್ರೂ ಕೊಡಬ್ಯಾಡ."

ಖರೇನ, ಮೂರನೇ ಸಲ ಕುಟ್ಟತಾ ಕುಟ್ಟತಾ ಉಪ್ಪಿಗೆ ಕೈ ಚಾಚಿದ್ಲು. ನಾ ಕೊಡಲಿಲ್ಲ.

ಮಗಳು ಅಷ್ಟೂ ಮುದ್ದಿ ತಿಂದ್ಲು. ದಿನಾ ಅದನ್ನ ತಿಂದು ಬಾವು ಇಳಿಯೋತನಕ ತಡದ್ಲು. ಈಗ ಗಜೇಂದ್ರಗಡದಾಗ ಸೀರಿ ನೇಯೋರ ಮನಿ ಸೊಸಿ. ಆ ಡಾಕ್ಟರಿಗೆ ವರ್ಗ ಆತು. ಮುದುಕಿ ತೀರಿಕೊಂಡ್ಲು, ಆಕಿ ಸೊಸಿ ಅಲ್ಲೇ ಕುಂತು ಹಿಂಡಿ ಮಾರ್ತಾಳ. ಇನ್ನ ನಾನು, ನನಗೂ ಈಗ ಉಪ್ಪು ಬಿಡಿಸ್ಯಾರ, ಉಪ್ಪಿನ ಗಡಿಗಿ ಕಾವಲಿಗೆ ಆ ಮಗಳೇ ಬರ್ತಾಳ.