ಹರಿನಾಥ ಸೇರಿಸಿದ ಜನ

ಜನ ಸೇರಿಸುವುದರಲ್ಲಿ ಹರಿನಾಥನನ್ನು ಮೀರಿಸುವವರು ಬಹರೈನಿನಲ್ಲಿ ಇರಲಿಲ್ಲ. ಯಕ್ಷಗಾನವಿರಲಿ, ಶನಿಪೂಜೆಯಿರಲಿ, ಊರಿನಿಂದ ಮಂತ್ರಿಯೊಬ್ಬ ಬಂದು ಬೊಗಳೆ ಬಿಟ್ಟು ಶಾಲು ಹೊದೆಸಿಕೊಂಡು ಹೋಗುವ ಸನ್ಮಾನವಿರಲಿ, ಅಲ್ಲಿನ ಕನ್ನಡಿಗರ ಸಂಘದವರು ಮೊದಲು ಫೋನು ಮಾಡುತ್ತಿದ್ದುದು ಅವನಿಗೆ. ಖಾಲಿ ಕುರ್ಚಿ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹಮದ್ ಟೌನಿನಿಂದ ಸಂಸಾರಗಳನ್ನು ಕಾರಿಗೆ ತುಂಬಿಸಿ ತರುತ್ತಿದ್ದ. ಲೇಬರ್ ಕ್ಯಾಂಪಿನ ಹುಡುಗರಿಗೆ ಊಟದ ಆಸೆ ತೋರಿಸಿ ಹಿಂದಿನ ಸಾಲು ತುಂಬಿಸುತ್ತಿದ್ದ.

ಕಾರ್ಕಳದ ಕಡೆಯ ಈ ಮನುಷ್ಯ ಸಿತ್ರಾದ ಗುತ್ತಿಗೆ ಕಂಪನಿಯೊಂದರಲ್ಲಿ ಬಹಳ ವರ್ಷ ಕೂಲಿಯವರ ಹಾಜರಿ ಬರೆದವನು. ಪಾಳಿ ಮುಗಿದು ಬಸ್ಸು ಹೊರಟುಬಿಟ್ಟ ಮೇಲೆ, ಗೇಟಿನೊಳಗೆ ಉಳಿದ ಕೂಲಿಗಳು ಬಿಸಿಲಲ್ಲಿ ಬೇಯುವುದನ್ನು ಕಂಡು ಕಂಡು ಸಾಕಾಗಿತ್ತು. ಹತ್ತುವಾಗ ಕಾರ್ಡು ತಾಗಿಸಿದರೆ, ಯಾರು ಹತ್ತಿದರು, ಯಾರು ಉಳಿದರು ಎಂದು ಕಂಪ್ಯೂಟರೇ ಡ್ರೈವರನಿಗೆ ಹೇಳಬಾರದೇಕೆ? ರೂಪೇಶ್ ಎಂಬ ಪ್ರೋಗ್ರಾಮರ್ ಜೊತೆಯಾದ. ಹರಿನಾಥ ಇದ್ದ ಕೆಲಸ ಬಿಟ್ಟು, ಅಲ್ಲಿಯವನೇ ಆದ ಅರಬನೊಬ್ಬನನ್ನು ಪಾಲುದಾರನಾಗಿ ಹಿಡಿದು, ಅವನ ಹೆಸರಲ್ಲಿ ಲೈಸೆನ್ಸ್ ಮಾಡಿಸಿ, ಒಂದೇ ಕೋಣೆಯ ಕಂಪನಿ ತೆರೆದ. ಸಾಫ್ಟ್‌ವೇರ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಕೊಳ್ಳುವವರು ಮಾತ್ರ ಬರಲಿಲ್ಲ.

2010ರ ಹೊತ್ತಿಗೆ ಅರಬನಿಗೆ ಸುಸ್ತಾಯಿತು. ಹೂಡಿಕೆದಾರರನ್ನು ತಂದರೆ ಸರಿ, ಇಲ್ಲವಾದರೆ ಲೈಸೆನ್ಸ್ ಬಂದ್ ಎಂದ. ಲೈಸೆನ್ಸ್ ಹೋದರೆ ಹರಿನಾಥನ ವೀಸಾ, ಹೆಂಡತಿ ಪ್ರಫುಲ್ಲಾಳ ವೀಸಾ, ಶಾಲೆಯ ಕೊನೆಯ ವರ್ಷದಲ್ಲಿದ್ದ ಮಗಳು ಅನಿಷಾಳ ವೀಸಾ ಎಲ್ಲವೂ ಒಟ್ಟಿಗೇ ಹೋದಂತೆ.

ಉಳಿದ ದಾರಿಯೆಂದರೆ ಸೀಫ್ ಬಡಾವಣೆಯ ಬಳಿ ನಡೆಯುವ ವ್ಯಾಪಾರ ಮೇಳ ಒಂದೇ. ಅಲ್ಲಿ ಮೂವರು ಹೂಡಿಕೆದಾರರು ಸಣ್ಣ ಕಂಪನಿಗಳ ಮಳಿಗೆ ಸುತ್ತಿ, ಯಾರಿಗೆ ತಮ್ಮ ಮಾಲನ್ನು ಗಿರಾಕಿಗೆ ಮುಟ್ಟಿಸುವ ತಾಕತ್ತಿದೆ ಎಂದು ನೋಡಿ, ಒಂದು ಕಂಪನಿಗೆ ಬಂಡವಾಳ ಹಾಕುವವರಿದ್ದರು.

ಮೊದಲ ದಿನ ಮಳಿಗೆಯಲ್ಲಿ ನೊಣವೂ ಕೂರಲಿಲ್ಲ. ಬಂದವರು ಪೆನ್ನು ಎತ್ತಿಕೊಂಡು ಹೋದರು. ಎದುರಿನ ಖಾಲಿ ಕುರ್ಚಿಗಳನ್ನು ನೋಡಿ ನೋಡಿ ಹರಿನಾಥನಿಗೆ ತಡೆಯಲಾಗಲಿಲ್ಲ. ಸಂಘದವರನ್ನು ಕರೆಯಲು ಫೋನು ತೆಗೆದ.

"ಹರಿಯಣ್ಣ, ಇದು ಸಂಘದ ಪ್ರೋಗ್ರಾಮ್ ಅಲ್ಲ," ಎಂದ ರೂಪೇಶ್.

"ಜನ ಇಲ್ಲದ ಅಂಗಡಿಗೆ ಯಾರು ಬರುದು ಮಾರಾಯಾ? ಜನ ನೋಡಿಯೇ ಜನ ಬರುದು. ನೀನು ಕಂಪ್ಯೂಟರ್ ನೋಡಿಕೊ, ಸಾಕು."

ಮರುದಿನ ರಜೆ. ಸಂಘದ ಕಾರ್ಯದರ್ಶಿ ಕುಶಲಣ್ಣ ದಂಡು ಕಟ್ಟಿಕೊಂಡೇ ಬಂದ. ಗಂಡಸರು, ಹೆಂಗಸರು, ತಳ್ಳುಗಾಡಿಯಲ್ಲಿ ಕೂತ ಪುಟ್ಟ ಮಕ್ಕಳು. ಪ್ರಫುಲ್ಲಾ ಗೋಳಿಬಜೆಯ ಡಬ್ಬ ಬಿಚ್ಚಿದಳು. ಸ್ವಲ್ಪ ಹೊತ್ತಿಗೇ ಮಳಿಗೆಯಲ್ಲಿ ಕಾಲಿಡಲು ಜಾಗವಿಲ್ಲ. ಬಸ್ಸಿನ ಕಾರ್ಡು ತಾಗಿಸುವ ಯಂತ್ರದ ಮೇಲೆ ಯಾರದೋ ಹ್ಯಾಂಡ್‌ಬ್ಯಾಗು. ಹರಿನಾಥನ ಮುಖಕ್ಕೆ ಕಳೆ ಬಂತು. ಕೊರಳಲ್ಲಿ ಸಿತ್ರಾ ಕಾರ್ಖಾನೆಯ ಗುರುತುಪಟ್ಟಿ ಹಾಕಿಕೊಂಡ ಒಬ್ಬ ಗುಂಪಿನ ಹಿಂದೆ ನಿಂತು ಇಣುಕುತ್ತಿದ್ದ. ಹರಿನಾಥ 'ಬಂದೆ' ಎಂದು ಕೈಯೆತ್ತಿದ. ಅಷ್ಟರಲ್ಲಿ ಕುಶಲಣ್ಣ ಹೆಗಲು ಹಿಡಿದು ಫೋಟೋಕ್ಕೆ ಎಳೆದ. ತಿರುಗುವಷ್ಟರಲ್ಲಿ ಆ ಪಟ್ಟಿಯವನಿಲ್ಲ.

ಅವನ ಜಾಗದಲ್ಲಿ ಹೂಡಿಕೆದಾರರು ನಿಂತಿದ್ದರು. ಮುಂದೆ ಇದ್ದವಳು ಸಫಿಯಾ, ಬಹರೈನಿನವಳೇ, ಹಿಂದಿ ಸಲೀಸಾಗಿ ಬರುತ್ತಿತ್ತು.

"ಇವರೆಲ್ಲ ನಿಮ್ಮ ಗಿರಾಕಿಗಳಾ?"

"ಹೌದು ಮೇಡಂ," ಎಂದುಬಿಟ್ಟ ಹರಿನಾಥ. ರೂಪೇಶ್ ನೆಲ ನೋಡಿದ.

ಅವಳು ಕುಶಲಣ್ಣನ ಕಡೆ ತಿರುಗಿದಳು. "ನಿಮಗೆ ಇದರಿಂದ ಏನು ಉಪಯೋಗ?"

"ನಂಬರ್ ಒನ್ ಜನ ಮೇಡಂ!" ಕುಶಲಣ್ಣ ಎದೆ ತಟ್ಟಿಕೊಂಡ. "ಇವರು ಕರೆದ್ರೆ ಯಾರೂ ಇಲ್ಲ ಅನ್ನುದಿಲ್ಲ. ಹೋದ ವರ್ಷ ಯಕ್ಷಗಾನದಲ್ಲಿ ಇವರ ಬಣ್ಣದ ವೇಷ ನೀವು ನೋಡ್ಬೇಕಿತ್ತು."

"ನಾನು ಸಾಫ್ಟ್‌ವೇರ್ ಬಗ್ಗೆ ಕೇಳಿದೆ."

"ಅದು... ಬಸ್ಸಿನದ್ದು. ಬಸ್ಸು ಬಿಡುದು. ಅಲ್ವಾ ಹರಿಯಣ್ಣ?"

ಜೊತೆಗಿದ್ದ ಇಬ್ಬರು ನಕ್ಕರು. ಸಫಿಯಾ ನಗಲಿಲ್ಲ. ಹರಿನಾಥನಿಗೆ ಅದೇ ಹೆಚ್ಚು ಉರಿಯಿತು.

"ಇಷ್ಟು ಜನರನ್ನು ಒಂದೇ ದಿನದಲ್ಲಿ ತಂದಿರಿ. ಬಸ್ಸು ಓಡಿಸುವ ಕಂಪನಿಯ ಒಬ್ಬ ಮ್ಯಾನೇಜರನನ್ನು ಯಾಕೆ ತರಲಿಲ್ಲ?"

ಹರಿನಾಥ ಕೈಲಿದ್ದ ಫೋನನ್ನು ಜೇಬಿಗೆ ಸೇರಿಸಿದ. ಸಿತ್ರಾದ ಕಂಪನಿ ಸಾಹೇಬರ ನಂಬರುಗಳು ಅವನ ಫೋನಿನಲ್ಲೇ ಇದ್ದವು. ಒಂದನ್ನೂ ಒತ್ತಿರಲಿಲ್ಲ. ಅವರು ಇಲ್ಲವೆಂದುಬಿಟ್ಟರೆ? ಸಂಘದವರು ಇಲ್ಲವೆನ್ನುವವರಲ್ಲ, ಅದಕ್ಕೇ ಅವರನ್ನು ಕರೆದಿದ್ದ.

"ಸರ್, ಇದು ಮಾರ್ಕೆಟಿಂಗ್ ಅಲ್ಲ, ನೆಂಟರೂಟ," ಎಂದು ಅವಳು ಮುಂದಿನ ಮಳಿಗೆಗೆ ನಡೆದಳು. ಬಂಡವಾಳ ಸಿಗುವುದಿಲ್ಲವೆಂದು ತಿಳಿಯಲು ಫಲಿತಾಂಶಕ್ಕೆ ಕಾಯಬೇಕಿರಲಿಲ್ಲ.

"ಆ ಗುರುತುಪಟ್ಟಿಯವರು ಎದುರು ಸ್ಟಾಲಲ್ಲಿ ಕೂತಿದ್ದಾರೆ," ಎಂದ ರೂಪೇಶ್. ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ.

ಹರಿನಾಥ ಗುಂಪನ್ನು ನೂಕಿಕೊಂಡು ಓಡಿದ. ಆತನ ಹೆಸರು ಲೆಸ್ಲಿ, ಮಂಗಳೂರಿನವನು, ಕಾರ್ಖಾನೆಯ ಬಸ್ಸುಗಳೆಲ್ಲ ಅವನ ಕೈಕೆಳಗೆ. ಹರಿನಾಥ ಉಸಿರು ಬಿಡದೆ ಹೇಳಿದ: ಕಾರ್ಡು, ಗೇಟು, ಬಿಸಿಲಲ್ಲಿ ಉಳಿದವರು. ಎರಡು ದಿನದಲ್ಲಿ ಮೊದಲ ಸಲ, ಬೇಕಾದವನಿಗೆ ಬೇಕಾದ ಮಾತು.

"ಛೆ! ನಮಗೆ ಇದೇ ಬೇಕಿತ್ತು ಮಾರಾಯ್ರೆ," ಎಂದ ಲೆಸ್ಲಿ. "ನಿಮ್ಮಲ್ಲಿಗೆ ಬಂದೆ. ಮಕ್ಕಳೂ ತಿಂಡಿಯೂ ನೋಡಿ ಯಾರದೋ ಫಂಕ್ಷನ್ ಅಂತ ಎಣಿಸಿದೆ. ಈಗಷ್ಟೇ ಇವರ ಇಂಥದ್ದೇ ಸಾಫ್ಟ್‌ವೇರಿಗೆ ಸೈನ್ ಹಾಕಿದೆ."

ಹರಿನಾಥ ಟೈ ಸಡಿಲಿಸಿದ. ದನಿ ತಗ್ಗಿಸಿದ.

"ಹಾಗಾದ್ರೆ ನಿಮ್ಮಲ್ಲಿ ಕೆಲಸ ಉಂಟಾ? ಎಂತದಾದ್ರೂ ಆದೀತು. ವೀಸಾ ಬದಲಿ ಆದ್ರೆ ಸಾಕು."

ಲೆಸ್ಲಿ ಅವನ ಎದೆಯ ಮೇಲಿನ 'ಮ್ಯಾನೇಜಿಂಗ್ ಡೈರೆಕ್ಟರ್' ಪಟ್ಟಿ ನೋಡಿ ಕಸಿವಿಸಿಗೊಂಡ. "ನೀವು ಮಾಡುವಂಥದ್ದಲ್ಲ. ಬಸ್ಸು ನಿಲ್ಲುವಲ್ಲಿ ತಲೆ ಎಣಿಸುದು, ಪಾಳಿ ಕೆಲಸ. ಆ ಸಂಬಳಕ್ಕೆ ಫ್ಯಾಮಿಲಿ ವೀಸಾ ಕೊಡುದಿಲ್ಲ. ಮೊದಲೇ ಹೇಳ್ತೇನೆ, ವೀಸಾ ನಿಮ್ಮೊಬ್ಬರದ್ದೇ, ಮನೆಯವರು ಊರಿಗೆ ಹೋಗ್ಬೇಕಾದೀತು."

ಎದುರಿಗೆ, ತನ್ನದೇ ಮಳಿಗೆಯಲ್ಲಿ, ಪ್ರಫುಲ್ಲಾ ಯಾರದೋ ಮಗುವಿನ ಬಾಯಿ ಒರೆಸುತ್ತಿದ್ದಳು. ಅನಿಷಾ ಯಾರ ಜೊತೆಗೋ ಇಂಗ್ಲಿಷಿನಲ್ಲಿ ಮಾತಾಡುತ್ತ ನಗುತ್ತಿದ್ದಳು.

"ಒಬ್ಬನದ್ದೇ ಆಗಲಿ," ಎಂದ ಹರಿನಾಥ. "ಯಾವಾಗ ಬರ್ಬೇಕು?"